ನಿನ್ನೆ 2.40ರ ನಂತರ ಇಲ್ಲ

ತಂತಿ ಮಾಸ್ತರರು ಮಾತಾಡುವಾಗ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾರೆ. ಹೊಸಬರು ಇದನ್ನು ಏನೋ ನರದ ತೊಂದರೆ ಅಂದುಕೊಳ್ಳುತ್ತಾರೆ. ಬೀದಿಯವರಿಗೆಲ್ಲ ಗೊತ್ತು, ಅವರು ಪದ ಎಣಿಸುತ್ತಿದ್ದಾರೆ. ಮೂವತ್ತೊಂದು ವರ್ಷ ತಂತಿ ಕಚೇರಿಯ ಕಿಟಕಿಯ ಹಿಂದೆ ಕೂತು ಊರವರ ಸಾವು, ಹೆರಿಗೆ, ವರ್ಗಾವಣೆ, ಪರೀಕ್ಷೆಯ ಫಲಿತಾಂಶಗಳನ್ನೆಲ್ಲ ಹತ್ತು ಪದಕ್ಕೆ ಇಳಿಸಿ, ಟಕಟಕ ಕುಟ್ಟಿ ಕಳಿಸಿದ ಬೆರಳುಗಳವು. ಇಲಾಖೆ ತಂತಿಯನ್ನೇ ಮುಚ್ಚಿತು, ಮಾಸ್ತರರು ನಿವೃತ್ತರಾದರು. ಬೆರಳುಗಳಿಗೆ ಮಾತ್ರ ಆ ಆದೇಶ ಇನ್ನೂ ತಲುಪಿಲ್ಲ.

ತಮ್ಮ ಕೆಲಸದ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಒಮ್ಮೆ ಒಬ್ಬ ಕಣ್ಣು ಒರೆಸಿಕೊಳ್ಳುತ್ತಾ ಬಂದು, "ನಮ್ಮ ಪ್ರೀತಿಯ ಅಜ್ಜಿ ಬಹಳ ದಿನಗಳಿಂದ ಕಾಯಿಲೆಯಾಗಿದ್ದು ನಿನ್ನೆ ಸಂಜೆ ನಮ್ಮನ್ನೆಲ್ಲ ಬಿಟ್ಟು ಹೋದಳು" ಎಂದು ಬರೆದ ಫಾರಂ ಕೊಟ್ಟನಂತೆ. ಮಾಸ್ತರರು ಅದನ್ನು "ಅಜ್ಜಿ ತೀರಿದಳು, ಬಾ" ಎಂದು ಮಾಡಿ ಕಳಿಸಿದರಂತೆ.

"'ಪ್ರೀತಿಯ' ಅನ್ನೋದನ್ನೂ ಹೊಡೆದು ಹಾಕಿದ್ರಾ?" ಎಂದು ಯಾರಾದರೂ ಕೇಳಿದರೆ, "ಅಜ್ಜಿ ಅಂದ ಮೇಲೆ ಅದು ಇದ್ದೇ ಇರುತ್ತಲ್ಲ" ಅನ್ನುತ್ತಾರೆ.

ಈ ತತ್ವವನ್ನು ಅವರು ಮನೆಗೂ ತಂದಿದ್ದರು. "ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಇವರು ನನ್ನ ಹತ್ತಿರ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ ಒಂದು ಕಾರ್ಡು ತುಂಬಲ್ಲ" ಎಂದು ಅವರ ಹೆಂಡತಿ ಹೇಳುವುದುಂಟು. ಮಾಸ್ತರರು ಅದನ್ನು ಹೊಗಳಿಕೆ ಅಂತಲೇ ತಿಳಿದಿದ್ದರು.

ಅವರಿಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕನದು ಇದಕ್ಕೆ ತದ್ವಿರುದ್ಧ ಜಾತಕ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಎದುರಿನ ಹಲಗೆಯ ನೂರಾರು ತೂತುಗಳಲ್ಲಿ ಈ ತಂತಿಯನ್ನು ಅಲ್ಲಿಗೆ, ಆ ತಂತಿಯನ್ನು ಇಲ್ಲಿಗೆ ಚುಚ್ಚುತ್ತಾ, ಇಡೀ ಜಿಲ್ಲೆಯ ಮಾತನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುತ್ತಿದ್ದಳು. ನಡುನಡುವೆ ತನ್ನದೂ ನಾಲ್ಕು ಮಾತು ಸೇರಿಸುತ್ತಿದ್ದಳು.

"ನೀನು ಕುಟ್ಟಿ ಮುಗಿಸೋದರೊಳಗೆ ನಾನು ಮಾತಾಡಿ, ನಕ್ಕು, ಫೋನ್ ಇಟ್ಟಿರ್ತೀನಿ ಕಣೋ" ಎಂದು ಅವಳು ರೇಗಿಸುತ್ತಿದ್ದಳು.

"ಮಾತು ಗಾಳಿಗೆ ಹೋಗುತ್ತೆ. ತಂತಿ ಕಾಗದದ ಮೇಲೆ ಉಳಿಯುತ್ತೆ" ಎಂದು ತಮ್ಮ ಉತ್ತರ ಕೊಡುತ್ತಿದ್ದ.

ಹೀಗೆ ಸರ್ಕಾರದ ಎರಡು ಇಲಾಖೆಗಳು ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಬೆಳೆದವು. ಮುಂದೆ ಮೊಬೈಲು ಬಂತು, ಅಕ್ಕ ಕೊಂಡಳು. ಮೆಸೇಜು ಬಂತು, ಅಕ್ಕ ಕಲಿತಳು. ಮಾಸ್ತರರು ಮಾತ್ರ ಹಜಾರದ ಮೂಲೆಯ ಕಪ್ಪು ಫೋನಿನ ಮೇಲೆ ಕಸೂತಿ ಬಟ್ಟೆ ಹೊದಿಸಿಟ್ಟು, "ಇದಕ್ಕಿಂತ ಮುಂದೆ ಹೋಗೋದು ಅನಗತ್ಯ" ಎಂದು ಷರಾ ಬರೆದುಬಿಟ್ಟರು.

ಆರು ವರ್ಷದ ಹಿಂದೆ ಅಕ್ಕನ ಮಗಳ ಮದುವೆ ನಿಶ್ಚಯವಾಯಿತು. ಒಂದು ಸಂಜೆ ಮಾಸ್ತರರ ಸೊಸೆ ತನ್ನ ಮೊಬೈಲನ್ನು ಅವರ ಮುಂದೆ ಹಿಡಿದು, "ಮಾವ, ಅತ್ತೆಮ್ಮ ಆಮಂತ್ರಣ ಕಳಿಸಿದ್ದಾರೆ ನೋಡಿ" ಅಂದಳು. ಮಾಸ್ತರರು ಕನ್ನಡಕ ಹಾಕಿಕೊಂಡು ನೋಡಿದರು. ಲಗ್ನಪತ್ರಿಕೆಯ ಚಿತ್ರ, ಅದರ ಕೆಳಗೆ 'ಎಲ್ಲರೂ ಬನ್ನಿ'. ಮೇಲೆ ಒಂದು ಸಣ್ಣ ಬಾಣದ ಗುರುತು.

"ಈ ಬಾಣ ಏನು?"

"ಫಾರ್ವರ್ಡ್ ಅಂತ ಮಾವ. ಒಂದೇ ಸಲ ಎಲ್ಲರಿಗೂ ಕಳಿಸಿದಾಗ ಹಾಗೆ ಬರುತ್ತೆ."

ಮಾಸ್ತರರು ಕನ್ನಡಕ ತೆಗೆದು ಮಡಚಿದರು. "ಇದು ಸುತ್ತೋಲೆ" ಅಂದರು. "ಸುತ್ತೋಲೆ ಮೇಲೆ ಒಡಹುಟ್ಟಿದವನು ಮದುವೆಗೆ ಹೋಗಲ್ಲ."

ಅಷ್ಟಕ್ಕೇ ಸುಮ್ಮನಿದ್ದರೆ ಹೇಗೋ ಸರಿಹೋಗುತ್ತಿತ್ತು. ಹಿಂದೆ ಶುಭಾಶಯದ ತಂತಿಗಳಿಗೆ ಇಲಾಖೆಯಲ್ಲಿ ಸಂಖ್ಯೆ ಕೊಟ್ಟಿದ್ದರು. ಸಂಖ್ಯೆ ಕುಟ್ಟಿದರೆ ಆ ಕಡೆಯವರು ಅದಕ್ಕೆ ಸರಿಯಾದ ಪೂರ್ತಿ ವಾಕ್ಯ ಬರೆದುಕೊಳ್ಳುತ್ತಿದ್ದರು. ಮಾಸ್ತರರು ಒಂದು ಅಂಚೆ ಕಾರ್ಡಿನಲ್ಲಿ 'ಸಂಖ್ಯೆ ಹದಿನಾರು' ಎಂದಷ್ಟೇ ಬರೆದು, ಸಹಿ ಮಾಡಿ, ಅಕ್ಕನಿಗೆ ಕಳಿಸಿದರು. 'ನವದಂಪತಿಗಳು ನೂರು ಕಾಲ ಸುಖವಾಗಿ ಬಾಳಲಿ' ಎಂದು ಅದರ ಅರ್ಥ. ಅದು ಅವರೊಬ್ಬರಿಗೇ ಗೊತ್ತಿದ್ದ ಅರ್ಥ. ಮದುವೆಯ ಮನೆಯಲ್ಲಿ ಆ ಕಾರ್ಡು ಕೈಯಿಂದ ಕೈಗೆ ಹೋಯಿತು. ಒಬ್ಬರು ಅದು ಬಸ್ಸಿನ ನಂಬರು ಅಂದರು, ಇನ್ನೊಬ್ಬರು ಕೋರ್ಟಿನ ಕೇಸು ಅಂದರು. ಅಕ್ಕ ಅದನ್ನು ಓದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ದಿನದಿಂದ ಅಕ್ಕ ತಮ್ಮಂದಿರ ನಡುವೆ ಎಲ್ಲ ಸೇವೆಗಳೂ ಸ್ಥಗಿತಗೊಂಡವು.

ಈಗ ನಾಲ್ಕು ತಿಂಗಳ ಹಿಂದೆ ಮೂಲೆಯ ಕಪ್ಪು ಫೋನು ಕೊನೆಯುಸಿರೆಳೆಯಿತು. ಸೊಸೆ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುವವಳು, ಹೇಳುವುದಕ್ಕಿಂತ ಮಾಡಿ ಮುಗಿಸುವ ಪೈಕಿ. ಒಂದು ಮೊಬೈಲು ತಂದು, ಅದರ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಮಾವನ ಕೈಗೆ ಕೊಟ್ಟಳು.

"ಹೇಗೆ ಉಪಯೋಗಿಸೋದು ಅಂತ ಹೇಳಿಕೊಡಲಾ?"

"ಸಂಪರ್ಕ ಇಲಾಖೆ. ಮೂವತ್ತೊಂದು ವರ್ಷ" ಅಂದರು ಮಾಸ್ತರರು. ಅಂದರೆ, ನನಗೆ ನೀನು ಹೇಳಿಕೊಡುವುದೇನಮ್ಮ ಎಂದು.

ಸೊಸೆ ಸುಮ್ಮನೆ ನಕ್ಕು ಹೋದಳು. ಹೋಗುವ ಮೊದಲು ಬಂಧುಗಳ ಮೂವತ್ತೇಳು ಜನರಿರುವ 'ಹಿರಿಯರು' ಎಂಬ ಗುಂಪಿಗೆ ಅವರನ್ನು ಸೇರಿಸಿದ್ದಳು. ಮೆಸೇಜಿನ ಪಟ್ಟಿಯಲ್ಲಿ 'ಅಕ್ಕ' ಎಂಬ ಹೆಸರನ್ನೂ ಹಾಕಿದ್ದಳು.

ಮಾಸ್ತರರು ಆ ಹೆಸರನ್ನು ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಆರಕ್ಕೆ, ಹೆಂಡತಿ ಅಡುಗೆಮನೆಯಲ್ಲಿದ್ದಾಗ, ಬೆರಳು ಜಾರಿತು ಎಂದು ತಮಗೆ ತಾವೇ ಹೇಳಿಕೊಂಡು ಮುಟ್ಟಿದರು. ಒಂದು ಗುಲಾಬಿ ಹೂವಿನ ಚಿತ್ರ ಬಂತು. ಅದರ ಪಕ್ಕ 'ಅಕ್ಕ'. ಕೆಳಗೆ 'ಆನ್‌ಲೈನ್'. ಅಕ್ಕ ಎದ್ದಿದ್ದಾಳೆ, ಅಲ್ಲೇ ಆ ಕಡೆ ಕೂತಿದ್ದಾಳೆ, ಮಾತಾಡಬೇಕಾಗಿಯೂ ಇಲ್ಲ. ಇಂಥ ಸೌಕರ್ಯ ಅವರ ಇಲಾಖೆಯಲ್ಲಿ ಎಂದೂ ಇರಲಿಲ್ಲ.

ಅಂದಿನಿಂದ ಬೆಳಗ್ಗೆ ಆರಕ್ಕೆ ಅಕ್ಕ ಎದ್ದಿರುವುದನ್ನು ಖಚಿತ ಮಾಡಿಕೊಂಡೇ ಅವರು ಟೀ ಕುಡಿಯುವುದು. ನಡುನಡುವೆ 'ಅಕ್ಕ, ಹೇಗಿದ್ದೀಯ' ಎಂದು ಬರೆಯುವರು. 'ಹೇಗಿದ್ದೀಯ' ಅನಗತ್ಯ ಅನ್ನಿಸಿ ಅಳಿಸುವರು. ಉಳಿದ 'ಅಕ್ಕ' ಒಂದೇ ಪದವನ್ನು ಕಳಿಸುವುದು ಹೇಗೆಂದು ಅದನ್ನೂ ಅಳಿಸಿ, ಫೋನನ್ನು ದಿಂಬಿನ ಕೆಳಗಿಟ್ಟು ಏಳುವರು.

ಒಂದು ಮಂಗಳವಾರ ಬೆಳಗ್ಗೆ ಆರಕ್ಕೆ 'ಆನ್‌ಲೈನ್' ಎಂಬುದು ಅಲ್ಲಿರಲಿಲ್ಲ. ಅದರ ಜಾಗದಲ್ಲಿ, ಮಾಸ್ತರರು ಇದುವರೆಗೂ ಕಾಣದ ಒಂದು ಸಾಲಿತ್ತು: 'ಕೊನೆಯದಾಗಿ ಕಂಡದ್ದು ನಿನ್ನೆ ಮಧ್ಯಾಹ್ನ 2.40ಕ್ಕೆ.'

ಮಾಸ್ತರರು ಅದನ್ನು ಮೂರು ಸಲ ಓದಿದರು. ಹೊಸ ಕಾಲದವರಿಗೆ ಇದು ಏನೂ ಅಲ್ಲ. ಆದರೆ ಪತ್ರಿಕೆಯ ಒಳಪುಟದಲ್ಲಿ ಫೋಟೋದ ಕೆಳಗೆ 'ಕೊನೆಯದಾಗಿ ಕಂಡದ್ದು' ಎಂದು ಓದಿ ಬೆಳೆದವರಿಗೆ ಅದಕ್ಕೆ ಒಂದೇ ಅರ್ಥ. ಏಳಾಯಿತು, ಏಳೂವರೆಯಾಯಿತು. ಸಾಲು ಕದಲಲಿಲ್ಲ. ಅಷ್ಟು ಹೊತ್ತಿಗೆ ಸೊಸೆ ಕೆಲಸಕ್ಕೆ ಹೋಗಿಯಾಗಿತ್ತು. ಅಲ್ಲಿ ಮಧ್ಯಾಹ್ನದವರೆಗೆ ಫೋನು ಬೀರುವಿನಲ್ಲಿಡಬೇಕು. ಮಗ ರೈಲ್ವೆಯವನು, ಎಲ್ಲೋ ಹಳಿಯ ಮೇಲಿದ್ದ. ಅಕ್ಕ ಮನೆಯಲ್ಲಿ ಒಬ್ಬಳೇ, ಮಗಳು ಮದುವೆಯಾಗಿ ದೂರದ ಊರು ಸೇರಿದ್ದಳು, ಅವಳ ನಂಬರು ಮಾಸ್ತರರ ಬಳಿ ಇರಲಿಲ್ಲ.

"ಅಕ್ಕ ಕಾಣೆಯಾಗಿದ್ದಾಳೆ" ಅಂದರು ಮಾಸ್ತರರು ಅಡುಗೆಮನೆಯ ಬಾಗಿಲಲ್ಲಿ ನಿಂತು.

ಹೆಂಡತಿ ಫೋನನ್ನು ತೋಳಿನಷ್ಟು ದೂರ ಹಿಡಿದು ಓದಿದರು. "ಅಲ್ಲಾ ರೀ, ಇದನ್ನ ಯಾರು ಬರೆದದ್ದು?"

"ಕಂಪನಿ."

"ಕಂಪನಿಯವರು ಅತ್ತಿಗೆನ ಯಾಕೆ ನೋಡ್ತಿದ್ರು?"

ಮಾಸ್ತರರು ಫೋನನ್ನು ವಾಪಸ್ಸು ಇಸಕೊಂಡರು. ಹೆಂಡತಿ, "ಒಂದು ಫೋನ್ ಮಾಡಿ ನೋಡಬಾರದಾ?" ಅಂದರು. ಆರು ವರ್ಷದ ಬಿಗುಮಾನವನ್ನು ನುಂಗಿಕೊಂಡು ಮಾಸ್ತರರು ಅಕ್ಕನ ನಂಬರು ಒತ್ತಿದರು. ಯಾರೋ ಹೆಣ್ಣುಮಗಳು ಬಹಳ ಸಂತೋಷದ ದನಿಯಲ್ಲಿ, ನೀವು ಕರೆ ಮಾಡಿದ ಫೋನು ಸ್ವಿಚ್ ಆಫ್ ಆಗಿದೆ ಅಂದಳು.

ಈಗ ಹೆಂಡತಿಗೂ ಗಾಬರಿಯಾಯಿತು. ಗಂಡ ಹೆಂಡತಿ ಇಬ್ಬರೂ ಅಕ್ಕನ ಊರಿಗೆ ಹೊರಡುವುದೆಂದಾಯಿತು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಹೊರಡುವ ಮೊದಲು ಬಂಧುಗಳಿಗೊಂದು ಸುದ್ದಿ ಮುಟ್ಟಿಸಬೇಕಲ್ಲ. ಮಾಸ್ತರರು 'ಹಿರಿಯರು' ಗುಂಪನ್ನು ತೆರೆದು, 'ಅಕ್ಕ ನಿನ್ನೆ 2.40ರ ನಂತರ ಆನ್‌ಲೈನ್ ಇಲ್ಲ. ಏನಾಗಿದೆ ಎಂದು ನೋಡಲು ಹೊರಟಿದ್ದೇನೆ' ಎಂದು ಬರೆದರು. ಓದಿದರು. ಬಲಗೈ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಹತ್ತು ಪದ. ಇಂಥ ತುರ್ತಿನಲ್ಲಿ ಇಷ್ಟು ಉದ್ದ ಬರೆಯುವುದುಂಟೆ? 'ಏನಾಗಿದೆ ಎಂದು ನೋಡಲು' ಹೊಡೆದು ಹಾಕಿದರು, ಹೊರಟಿರುವುದು ಮತ್ತೇನಕ್ಕೆ? 'ಆನ್‌ಲೈನ್' ಹೊಡೆದು ಹಾಕಿದರು. ಎಲ್ಲರೂ ಅಲ್ಲೇ ಇರುವಾಗ ಅದನ್ನು ಬೇರೆ ಹೇಳಬೇಕೆ? ಉಳಿದದ್ದನ್ನು ತೃಪ್ತಿಯಿಂದ ಕಳಿಸಿದರು.

'ಅಕ್ಕ ನಿನ್ನೆ 2.40ರ ನಂತರ ಇಲ್ಲ. ಹೊರಟಿದ್ದೇನೆ.'

ಆ ಒಂದು ಪದ ಉಳಿಸಿದ್ದರಿಂದ ಮೂವತ್ತೇಳು ಜನರ ಒಂದು ಇಡೀ ದಿನ ಹಾಳಾಯಿತು. ಆ ಗುಂಪನ್ನು ಕಟ್ಟಿ ನಡೆಸುತ್ತಿದ್ದವಳು ಅಕ್ಕನೇ ಆದ್ದರಿಂದ, ಯಾರನ್ನು ಕೇಳಿ ಸ್ಪಷ್ಟಪಡಿಸಿಕೊಳ್ಳಬಹುದಿತ್ತೋ ಅವಳೇ ಈಗ ಇರಲಿಲ್ಲ.

ಬಸ್ ನಿಲ್ದಾಣದ ದಾರಿಯಲ್ಲೇ ಪೊಲೀಸ್ ಠಾಣೆ. ಮಾಸ್ತರರು ಅಲ್ಲಿಗೂ ಹೊಕ್ಕರು. ಯಾವುದೇ ವಿಷಯ ಇಲಾಖೆಯ ಮೂಲಕ ಹೋಗಬೇಕೆಂಬುದು ಅವರ ನಂಬಿಕೆ. ಹೆಡ್ ಕಾನ್‌ಸ್ಟೇಬಲ್ ದಪ್ಪ ಮೀಸೆಯ, ನಿಧಾನದ ಮನುಷ್ಯ. ಹೊಸ ಹಾಳೆ ತೆಗೆದು ಪೆನ್ನು ಕೊಡವಿದ.

"ಕಾಣೆಯಾದವರು?"

"ಅಕ್ಕ."

"ಕೊನೆಯದಾಗಿ ಕಂಡದ್ದು ಯಾವಾಗ?"

ಮಾಸ್ತರರಿಗೆ ಅರ್ಧ ಜೀವ ಬಂತು. ಇಲಾಖೆಯವರೂ ಅದೇ ಪದ ಬಳಸುತ್ತಾರೆ. "ನಿನ್ನೆ ಮಧ್ಯಾಹ್ನ ಎರಡು ನಲವತ್ತು."

"ಎಲ್ಲಿ ಕಂಡ್ರು?"

"ಫೋನಲ್ಲಿ."

"ಏನು ಬಟ್ಟೆ ಹಾಕಿದ್ರು?"

"ಬಟ್ಟೆ ಕಾಣಲ್ಲ ಸಾರ್. ಹೆಸರಷ್ಟೇ ಕಾಣುತ್ತೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಒಮ್ಮೆ ಅವರನ್ನೂ ಒಮ್ಮೆ ಅವರ ಹೆಂಡತಿಯನ್ನೂ ನೋಡಿದ. "ಫೋಟೋ ಇದೆಯಾ?"

ಮಾಸ್ತರರು ಫೋನು ತೋರಿಸಿದರು.

"ಇದು ಗುಲಾಬಿ."

"ಹೌದು. ಅಕ್ಕ ಅದನ್ನೇ ಹಾಕಿದ್ದಾಳೆ."

"ಯಜಮಾನ್ರೇ, ಫೋನ್ ಬಿಡಿ. ಮುಖಕ್ಕೆ ಮುಖ ಕೊಟ್ಟು ನೀವು ಅವರನ್ನ ನೋಡಿದ್ದು ಯಾವಾಗ?"

ಮಾಸ್ತರರು ಮೇಜಿನ ಅಂಚನ್ನು ನೋಡುತ್ತಾ ನಿಂತರು. ಹೆಂಡತಿಯೇ ಹೇಳಬೇಕಾಯಿತು. "ಆರು ವರ್ಷ ಆಯ್ತು. ಇವರಿಬ್ಬರೂ ಮಾತು ಬಿಟ್ಟಿದ್ದಾರೆ."

"ಒಂದೇ ಬಸ್ಸಿನ ದೂರದಲ್ಲಿ?"

"ಹೌದು."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. ಅವನಿಗೂ ಎಲ್ಲೋ ಒಬ್ಬ ಅಕ್ಕ ಇದ್ದಿರಬೇಕು. ದನಿ ಸ್ವಲ್ಪ ಮೆತ್ತಗಾಯಿತು. "ನಿಮ್ಮ ನಂಬರ್ ಕೊಟ್ಟು ಹೋಗಿ. ಮೊದಲು ಅವರ ಮನೆ ಬಾಗಿಲು ತಟ್ಟಿ ನೋಡಿ. ಮಧ್ಯಾಹ್ನದ ಮೇಲೆ ನಾನೇ ಫೋನ್ ಮಾಡಿ ಕೇಳ್ತೀನಿ. ಅಷ್ಟರಲ್ಲಿ ಸಿಗದಿದ್ರೆ ಆ ಕಡೆ ಠಾಣೆಗೆ ತಿಳಿಸೋಣ."

ಇತ್ತ ಗುಂಪಿನಲ್ಲಿ ಕೆಲಸ ಆರಂಭವಾಗಿತ್ತು. ಮಾಸ್ತರರ ದೊಡ್ಡಪ್ಪನ ಮಗನೊಬ್ಬರಿದ್ದಾರೆ. ಬಂಧುವರ್ಗದಲ್ಲಿ ಯಾರೇ ತೀರಿಕೊಂಡರೂ ಮೊದಲ ಸಂತಾಪ ಅವರದೇ ಆದ್ದರಿಂದ ಎಲ್ಲರೂ ಅವರನ್ನು ಸಂತಾಪದಣ್ಣ ಎಂದೇ ಕರೆಯುವುದು. ಒಮ್ಮೆ ಆಸ್ಪತ್ರೆಯಲ್ಲಿದ್ದ ಒಬ್ಬರಿಗೆ ಒಂದು ದಿನ ಮುಂಚೆಯೇ ಸಂತಾಪ ಕಳಿಸಿದ್ದರು. ರೋಗಿ ಅದನ್ನು ಓದಿ ಸಿಟ್ಟಿನಿಂದಲೇ ಗುಣವಾದರು. ಮಾಸ್ತರರ ಮೆಸೇಜು ನೋಡಿ ಸಂತಾಪದಣ್ಣ ಮೂರೇ ನಿಮಿಷದಲ್ಲಿ ಬರೆದರು: 'ನಮ್ಮೆಲ್ಲರ ಪ್ರೀತಿಯ ಅಕ್ಕ ಇನ್ನಿಲ್ಲವೆಂಬ ಸುದ್ದಿ ತಿಳಿದು ದಿಗ್ಭ್ರಮೆಯಾಗಿದೆ. ನಿನ್ನೆ ಮಧ್ಯಾಹ್ನ 2.40ಕ್ಕೆ ಕೊನೆಯುಸಿರೆಳೆದರು. ಆತ್ಮಕ್ಕೆ ಶಾಂತಿ ದೊರೆಯಲಿ.' ಅದರ ಹಿಂದೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಒಬ್ಬ ಚಿಕ್ಕಮ್ಮ ಕೈಮುಗಿಯಲು ಹೋಗಿ ಕೇಕಿನ ಚಿತ್ರ ಒತ್ತಿದರು, ಆಮೇಲೆ ಅದಕ್ಕೂ ಕೈಮುಗಿದರು.

ಬಸ್ಸು ಊರು ದಾಟಿ ಅರ್ಧ ಗಂಟೆಯಾಗಿತ್ತು. ಜೇಬಿನಲ್ಲಿ ಫೋನು ಒಂದೇ ಸಮನೆ ನಡುಗುತ್ತಿದ್ದುದರಿಂದ ಮಾಸ್ತರರು ಅದನ್ನು ತೆಗೆದು ನೋಡಿದರು. ಸಂತಾಪದಣ್ಣನ ಮೆಸೇಜು ಮೊದಲಿಗೇ ಕಂಡಿತು. ತಾವೇ ಕಳಿಸಿದ ಸುದ್ದಿ ಒಂದು ಸುತ್ತು ಹೊಡೆದು ತಮ್ಮ ಬಳಿಗೇ ಬಂದಿದೆ ಎಂದು ಆ ಹಳೆಯ ತಂತಿಯವರಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಗಂಟೆ ನಿಮಿಷದ ಸಮೇತ ಬಂದ ಸುದ್ದಿ. ಅಂಥ ಸುದ್ದಿಯನ್ನು ಅವರು ಮೂವತ್ತೊಂದು ವರ್ಷ ಬೇರೆಯವರ ಮನೆಗೆ ತಲುಪಿಸಿದ್ದರು. ಫಾರಂ ಬರೆಯುತ್ತಾ ನಡುನಡುವೆ ಕಣ್ಣೊರೆಸಿಕೊಳ್ಳುವವರನ್ನು ಕಿಟಕಿಯ ಈಚೆಯಿಂದ ನೋಡುತ್ತಾ, "ಬೇಗ ಬರೀರಿ, ಹಿಂದೆ ಜನ ಇದ್ದಾರೆ" ಅಂದಿದ್ದರು.

ಅವರು ಫೋನನ್ನು ಹೆಂಡತಿಯ ಮಡಿಲಿನಲ್ಲಿಟ್ಟು ಕಿಟಕಿಯ ಕಡೆ ತಿರುಗಿದರು. ಭುಜ ಅಲುಗಿದ್ದು ನೋಡಿ ಹೆಂಡತಿ ಮೆಸೇಜು ಓದಿದರು. ಓದಿ, ಗಂಡನ ಕೈ ಹಿಡಿದುಕೊಂಡರು. ಟಿಕೆಟ್ ಹರಿಯಲು ಬಂದ ಕಂಡಕ್ಟರ್ ಇಬ್ಬರನ್ನೂ ನೋಡಿ, "ಆಮೇಲೆ ಬರ್ತೀನಿ ಬಿಡಿ" ಎಂದು ಮುಂದೆ ಹೋದ. ಆಮೇಲೆ ಬರಲೂ ಇಲ್ಲ. ಇಳಿಯುವಾಗ ಹೆಂಡತಿಯೇ ನೆನಪಿಸಿ ಟಿಕೆಟ್ ತೆಗೆದುಕೊಂಡರು.

ಅಕ್ಕನ ಮನೆ ಒಂದು ಗಲ್ಲಿಯ ಕೊನೆಯಲ್ಲಿ, ಎರಡು ಮೆಟ್ಟಿಲು ಹತ್ತಿದರೆ ನೀಲಿ ಬಾಗಿಲು. ಮಾಸ್ತರರು ಹೋಗುವಷ್ಟರಲ್ಲಿ ಅಲ್ಲಿ ಹದಿನೈದು ಜನ ಬಂಧುಗಳು ಸೇರಿದ್ದರು. ಬಾಗಿಲಿಗೆ ಬೀಗ. ಅದು ಅವರನ್ನು ಬಹಳ ಗೊಂದಲಕ್ಕೆ ಹಾಕಿತ್ತು.

"ಬೀಗ ಯಾರು ಹಾಕಿದ್ದು ಅಂತೀನಿ" ಎಂದು ಒಬ್ಬರು ಕೇಳುತ್ತಿದ್ದರು.

"ಆಸ್ಪತ್ರೆಯಲ್ಲಿ ಆಗಿರಬೇಕು. ಮನೇಲಿ ಆಗಿದ್ರೆ ಬಾಗಿಲು ತೆಗೆದಿರ್ತಿತ್ತು" ಎಂದು ಇನ್ನೊಬ್ಬರು ತರ್ಕ ಮಾಡುತ್ತಿದ್ದರು. ಪಕ್ಕದ ಮನೆಯ ಟೈಲರ್ ಬಂದವರ ಮುಖ ನೋಡಿಯೇ ಅತ್ತುಬಿಟ್ಟು, ತನ್ನ ಅಂಗಡಿಯ ಸ್ಟೂಲುಗಳನ್ನೆಲ್ಲ ತಂದು ಬೀದಿಯಲ್ಲಿ ಹಾಕಿದ್ದ. ಸಂತಾಪದಣ್ಣ ಬಿಳಿ ಹೂವಿನ ದೊಡ್ಡದೊಂದು ಗುಚ್ಛ ಹಿಡಿದು, ಬಿಸಿಲಿಗೆ ಬಾಡದಂತೆ ಹಿಂದೆ ಗೋಡೆಯ ನೆರಳಿಗೆ ನಿಂತಿದ್ದರು.

ಮಾಸ್ತರರು ಯಾರನ್ನೂ ಮಾತಾಡಿಸಲಿಲ್ಲ. ನೇರ ಹೋಗಿ ಮೆಟ್ಟಿಲ ಮೇಲೆ ಕೂತರು, ತಲೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

ಅಷ್ಟು ಹೊತ್ತಿಗೆ ಗಲ್ಲಿಯ ತುದಿಯಲ್ಲಿ ಕೊಡೆ ಹಿಡಿದ ಒಬ್ಬ ಹೆಂಗಸು ಬಂದಳು. ಕೈಯಲ್ಲೊಂದು ಬಟ್ಟೆಯ ಚೀಲ. ಇಷ್ಟು ಜನ ಸೇರಿದ್ದು ನೋಡಿ ಸರಸರ ನಡೆದು ಬಂದು, ಹಿಂದೆ ನಿಂತಿದ್ದ ಸಂತಾಪದಣ್ಣನ ಬೆನ್ನಿನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು. "ಏನಾಯ್ತು? ಯಾರು ಹೋಗಿದ್ದು?"

"ತಂತಿ ಮಾಸ್ತರನ ಅಕ್ಕ" ಅಂದರು ಸಂತಾಪದಣ್ಣ ತಿರುಗದೆ. "ನಿನ್ನೆ ಎರಡು ನಲವತ್ತಕ್ಕೆ."

"ಎರಡು ನಲವತ್ತಕ್ಕೆ ನಾನು ಬಟ್ಟೆ ನೆನೆಸ್ತಿದ್ದೆನಲ್ಲ" ಅಂದಳು ಅಕ್ಕ.

ಸಂತಾಪದಣ್ಣ ತಿರುಗಿದರು. ಅವರ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಬಂಧುವರ್ಗದ ಚರಿತ್ರೆಯಲ್ಲಿ ಅವರು ಮಾತು ಸಿಗದೆ ನಿಂತದ್ದು ಅದೊಂದೇ ಸಲ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು, ಟೈಲರ್ ಸ್ಟೂಲಿನ ಮೇಲೆ ತಾನೇ ಕುಸಿದ. ಯಾರೋ ಕೂಗಬೇಕು ಅನ್ನುವಷ್ಟರಲ್ಲಿ ಅಕ್ಕನಿಗೆ ಮೆಟ್ಟಿಲ ಮೇಲಿನ ನರೆತ ತಲೆ ಕಂಡಿತು. ಅವಳು ತುಟಿಯ ಮೇಲೆ ಬೆರಳಿಟ್ಟಳು. ಇಡೀ ಗಲ್ಲಿ ಸುಮ್ಮನಾಯಿತು.

ಆ ಮೌನವನ್ನು ಮಾಸ್ತರರು ತಮ್ಮ ದುಃಖಕ್ಕೆ ಕೊಟ್ಟ ಗೌರವ ಎಂದು ತಿಳಿದರು. ತಲೆಯೆತ್ತದೆ, ನೆಲ ನೋಡಿಕೊಂಡೇ, ಮುಚ್ಚಿದ ಬಾಗಿಲಿಗೆ ಹೇಳುವ ಹಾಗೆ ಮಾತಾಡಲು ಶುರು ಮಾಡಿದರು.

"ಅಕ್ಕ, ನಿನ್ನ ಮಗಳ ಮದುವೆ ದಿನ ನಾನು ಬರಲೇಬಾರದು ಅಂತ ಇರಲಿಲ್ಲ ಕಣೇ. ಬಿಳಿ ಷರಟು ಹಾಕ್ಕೊಂಡು ಬಸ್ ನಿಲ್ದಾಣಕ್ಕೆ ಬಂದಿದ್ದೆ. ಒಂದು ಬಸ್ಸು ಬಂತು, ಹತ್ತಲಿಲ್ಲ. ಎರಡನೇದು ಬಂತು, ಹತ್ತಲಿಲ್ಲ. ಮೂರನೇದು ಬರೋದರೊಳಗೆ ಮದುವೆ ಮುಗಿದಿರುತ್ತೆ ಅಂತ ವಾಪಸ್ಸು ಹೋದೆ. ಮನೇಲಿ ಕೇಳಿದ್ದಕ್ಕೆ ಕ್ಷೌರಕ್ಕೆ ಹೋಗಿದ್ದೆ ಅಂದೆ."

"ಕೂದಲು ಹಾಗೇ ಇತ್ತು. ನನಗೆ ಅವತ್ತೇ ಗೊತ್ತಾಯ್ತು" ಅಂದರು ಹೆಂಡತಿ ಪಕ್ಕದಿಂದ.

ಮಾಸ್ತರರಿಗೆ ಅದು ಕೇಳಿಸಲಿಲ್ಲ. "ಚಿಕ್ಕವನಿದ್ದಾಗ ಶಾಲೆಗೆ ಹೋಗೋ ದಾರೀಲಿ ನಾಯಿ ಇದೆ ಅಂತ ನಾನು ಅಳ್ತಿದ್ದರೆ, ನೀನು ದಿನಾ ನಾಯಿ ಕಡೆ ನಡೆದು ನನ್ನ ಗೋಡೆ ಕಡೆ ನಡೆಸ್ತಿದ್ದೆ. ನೀನೂ ಹೆದರ್ತಿದ್ದೆ ಅಂತ ನನಗೆ ಗೊತ್ತಿತ್ತು. ಕೈ ಬೆವರ್ತಿತ್ತು ನಿಂದು. ಅದನ್ನ ನಾನು ಒಂದು ದಿನಾನೂ ಹೇಳಲಿಲ್ಲ. ಈ ನಾಲ್ಕು ತಿಂಗಳು ಬೆಳಗ್ಗೆ ಆರಕ್ಕೆ ನೀನು ಎದ್ದಿದ್ದೀಯ ಅಂತ ಆ ಫೋನಲ್ಲಿ ನೋಡ್ಕೊಂಡು ಟೀ ಕುಡೀತಿದ್ದೆ. ಇನ್ನು ನಾಳೆ ಏನು ನೋಡಲಿ? ನೀನು ಸುತ್ತೋಲೆ ಕಳಿಸಿದ್ರೇನು, ಡಂಗುರ ಹೊಡೆಸಿದ್ರೇನು, ನಾನು ಬರಬೇಕಿತ್ತು. ತಪ್ಪು ನಂದು, ಅಕ್ಕ. ನಂದೇ."

ಅವರ ಬಲಗೈ ಮೊಣಕಾಲ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಒಂದು ಬೆರಳೂ ಮಡಚಿರಲಿಲ್ಲ.

"ಮುಗೀತಾ?" ಅಂತು ಮೇಲಿಂದ ಒಂದು ದನಿ. "ಮುಗಿದಿದ್ರೆ ಸ್ವಲ್ಪ ಸರಿ. ಬೀಗ ತೆಗೀಬೇಕು."

ಮಾಸ್ತರರು ತಲೆ ಎತ್ತಿದರು. ಕೊಡೆಯ ಕೆಳಗೆ ಅಕ್ಕ. ಕಣ್ಣಿನಿಂದ ನೀರು ಇಳಿದು ಗಲ್ಲದ ಮೇಲೆ ಹರಿಯುತ್ತಿದ್ದರೂ ಮುಖದಲ್ಲಿ ಮಾತ್ರ ಎಕ್ಸ್‌ಚೇಂಜಿನ ಹಳೆಯ ಗತ್ತು. ಅಕ್ಕ ಕೈ ಕೊಟ್ಟು ಎಬ್ಬಿಸಿದಳು. ಎದ್ದ ಮೇಲೂ ಅವರು ಆ ಕೈಯನ್ನು ಬಿಡದೆ ಹಿಡಿದುಕೊಂಡಿದ್ದರಿಂದ, ಅವಳು ಎಡಗೈಯಲ್ಲೇ ಬೀಗ ತೆಗೆಯಬೇಕಾಯಿತು.

ಒಳಗೆ ಎಲ್ಲ ತಿಳಿಯಾಯಿತು. ನಿನ್ನೆ ಎರಡು ನಲವತ್ತಕ್ಕೆ ಅಕ್ಕ ಬಟ್ಟೆ ನೆನೆಸುತ್ತಾ ಬಗ್ಗಿದಾಗ ಫೋನು ಬಕೆಟ್ಟಿಗೆ ಬಿದ್ದಿತ್ತು. ರಾತ್ರಿಯೆಲ್ಲ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಬೆಳಗ್ಗೆ ರಿಪೇರಿ ಅಂಗಡಿಗೆ ಕೊಟ್ಟು ಬಂದಿದ್ದಳು. ಸಂತಾಪದಣ್ಣ ಗುಚ್ಛವನ್ನು ಎಲ್ಲಿ ಅಡಗಿಸುವುದೋ ತಿಳಿಯದೆ ಬೆನ್ನ ಹಿಂದೆ ಹಿಡಿದು ನಿಂತಿದ್ದರು. ಅಕ್ಕ ಅದನ್ನು ಇಸಕೊಂಡು, "ಚೆನ್ನಾಗಿದೆ. ಇದ್ದಾಗ ಯಾರೂ ತರಲ್ಲ" ಎಂದು ಅದೇ ಬಕೆಟ್ಟಿನಲ್ಲಿ ನೀರು ಹಾಕಿ ಇಟ್ಟಳು.

ಟೀ ಆಯಿತು. ಬಂಧುಗಳು ಮಾಸ್ತರರನ್ನು ಮನಸಾರೆ ಬೈದು, ಒಬ್ಬೊಬ್ಬರಾಗಿ ಹೊರಟರು. ಕೊನೆಗೆ ಮೂವರೇ ಉಳಿದರು. ಆಗ ಅಕ್ಕ ತಮ್ಮನ ಎದುರಿಗೆ ಬಂದು ಕೂತಳು.

"ಮದುವೆಗೆ ಮೊದಲನೇ ಫೋನು ನಿನಗೇ ಮಾಡಿದ್ದೆ. ಹನ್ನೊಂದು ಸಲ. ಬರೀ ರಿಂಗ್ ಆಗ್ತಿತ್ತು, ಯಾರೂ ಎತ್ತಲಿಲ್ಲ."

ಮಾಸ್ತರರು ಹೆಂಡತಿಯ ಮುಖ ನೋಡಿದರು. ಹೆಂಡತಿ ನೆನಪು ಮಾಡಿಕೊಂಡರು. "ಆ ತಿಂಗಳೆಲ್ಲ ನಮ್ಮ ಫೋನು ಕೆಟ್ಟಿತ್ತಲ್ಲ ಅತ್ತಿಗೆ. ಯಾರು ಮಾಡಿದ್ರೂ ಅವರಿಗೆ ರಿಂಗ್ ಕೇಳಿಸ್ತಿತ್ತಂತೆ, ನಮಗೆ ಸದ್ದೇ ಇರಲಿಲ್ಲ."

"ಇಪ್ಪತ್ತೇಳು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು" ಅಂದಳು ಅಕ್ಕ ನಿಧಾನವಾಗಿ. "ದಿನಕ್ಕೆ ಐವತ್ತು ಜನಕ್ಕೆ 'ಆ ಕಡೆ ಲೈನು ಕೆಟ್ಟಿದೆ, ಬೇಜಾರು ಮಾಡ್ಕೋಬೇಡಿ' ಅಂತ ಹೇಳ್ತಿದ್ದೆ. ನನ್ನ ತಮ್ಮನ ವಿಷಯಕ್ಕೆ ಮಾತ್ರ ಅದು ಹೊಳೀಲಿಲ್ಲ. ಬೇಕಂತಲೇ ಎತ್ತುತ್ತಿಲ್ಲ ಅಂತ ಸಿಟ್ಟು ಬಂತು. ಸಿಟ್ಟಲ್ಲಿ ಎಲ್ಲರ ಜೊತೆ ನಿನ್ನ ಸೊಸೆ ನಂಬರನ್ನೂ ಸೇರಿಸಿ ಒತ್ತಿಬಿಟ್ಟೆ."

ಸಂಪರ್ಕವೆಂಬುದನ್ನೇ ವೃತ್ತಿ ಮಾಡಿಕೊಂಡು, ಇಬ್ಬರೂ ಸೇರಿ ಐವತ್ತೆಂಟು ವರ್ಷದ ಅನುಭವವಿದ್ದ ಇಬ್ಬರು ನೌಕರರು ಆ ಹಜಾರದಲ್ಲಿ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡುತ್ತಾ ಕೂತರು.

"ಅದಿರಲಿ" ಅಂದಳು ಅಕ್ಕ, "ಬೆಳಗ್ಗೆ ಆರು ಗಂಟೆಗೆ ನಿನ್ನ ಹೆಸರಿನ ಕೆಳಗೆ 'ಟೈಪ್ ಮಾಡುತ್ತಿದ್ದಾರೆ' ಅಂತ ಬರ್ತಿತ್ತಲ್ಲ. ಅಷ್ಟು ಹೊತ್ತು ಏನು ಬರೀತಿದ್ದೆ?"

ಮಾಸ್ತರರ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. "ಅದು ನಿನಗೆ ಕಾಣ್ತಿತ್ತಾ?"

"ನಾಲ್ಕು ತಿಂಗಳಿಂದ ಕಾಣ್ತಿತ್ತು. ನಿನ್ನ ಸೊಸೆ ನಿನ್ನ ನಂಬರು ಕೊಟ್ಟಿದ್ಲು. ಬೆಳಗ್ಗೆ ಎದ್ದು ಮುಖ ತೊಳೆದು, ಅದನ್ನೇ ತೆಗೆದಿಟ್ಟುಕೊಂಡು ಕೂತಿರ್ತಿದ್ದೆ. 'ಟೈಪ್ ಮಾಡುತ್ತಿದ್ದಾರೆ' ಅಂತ ಬರೋದು. ಇವತ್ತು ಬರುತ್ತೆ ಅಂತ ಕಾಯೋದು. ಆಮೇಲೆ ಅದು ಹೋಗೋದು. ಟೀ ಮಾಡ್ಕೊಳ್ಳೋಕೆ ಏಳೋದು."

"ನೀನೇ ಬರೀಬಹುದಿತ್ತಲ್ಲ ಅಕ್ಕ."

"ಬರೀಬಹುದಿತ್ತು. ನೀನು ಅರ್ಧ ಬರೆದಿದ್ದೀಯಲ್ಲ, ಮುಗಿಸಲಿ ಅಂತ ಸುಮ್ಮನಿದ್ದೆ" ಅಂದಳು ಅಕ್ಕ. "ನಡುವೆ ಮಾತಾಡಬಾರದು ಅಂತ ನಮ್ಮ ಎಕ್ಸ್‌ಚೇಂಜಿನಲ್ಲಿ ನಿಯಮ ಇತ್ತು."

"ನೀವು ಪಾಲಿಸ್ತಿದ್ರಾ ಅತ್ತಿಗೆ?" ಎಂದು ಹೆಂಡತಿ ಕೇಳಿದರು.

"ಇದೇ ಮೊದಲು" ಅಂದಳು ಅಕ್ಕ.

ಆ ಹೊತ್ತಿಗೆ ಮಾಸ್ತರರ ಫೋನು ಹೊಡೆದುಕೊಂಡಿತು. ಅವರ ಬಾಯಲ್ಲಿ ಬಿಸ್ಕತ್ತು, ಕಣ್ಣಲ್ಲಿ ನೀರು. ಎರಡನ್ನೂ ಸಂಭಾಳಿಸಲಾಗದೆ ಫೋನನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ಕಿವಿಗಿಟ್ಟು, ಬೆನ್ನು ನೆಟ್ಟಗೆ ಮಾಡಿ, "ಹಲೋ, ಹೇಳಿ" ಅಂದಳು.

"ಪೊಲೀಸ್ ಠಾಣೆಯಿಂದ ಅಮ್ಮ. ಬೆಳಗ್ಗೆ ಈ ನಂಬರಿನವರು ಬಂದಿದ್ರು. ಕಾಣೆಯಾದವರು ಸಿಕ್ಕಿದ್ರಾ?"

ಅಕ್ಕ ತಮ್ಮನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸಿಕ್ಕಿದ" ಅಂದಳು.

"ಸಿಕ್ಕಿದನಾ? ನಾನು ಹೆಂಗಸು ಅಂತ ಬರ್ಕೊಂಡಿದ್ದೀನಿ."

"ತಪ್ಪಾಗಿದೆ, ತಿದ್ದಿಕೊಳ್ಳಿ. ಗಂಡಸು. ವಯಸ್ಸು ಅರವತ್ತೈದು. ಆರು ವರ್ಷ ಆಗಿತ್ತು. ಸ್ವಲ್ಪ ಸಣ್ಣಗಾಗಿದ್ದಾನೆ, ಮಿಕ್ಕಂತೆ ಚೆನ್ನಾಗಿದ್ದಾನೆ. ಇಲ್ಲೇ ನನ್ನ ಮುಂದೆ ಕೂತಿದ್ದಾನೆ."

ಆ ಕಡೆ ಕಾಗದ ಸರಿದಾಡಿದ ಸದ್ದಾಯಿತು.

"ಹಾಗಾದ್ರೆ ಇದನ್ನ ಮುಗಿಸೋದಕ್ಕೆ 'ಮನೆಯವರಿಗೆ ಒಪ್ಪಿಸಲಾಗಿದೆ' ಅಂತ ಬರೀಬೇಕಾಗುತ್ತೆ, ಅಮ್ಮ" ಅಂದ. "ಬರೀಲಾ?"

"ಬರೀರಿ" ಅಂದಳು ಅಕ್ಕ. "ಒಪ್ಪಿಕೊಂಡಿದ್ದೀವಿ."